ಗರ್ಭಕೋಶದ ಅಪರೂಪದ ಕ್ಯಾನ್ಸರ್: ಆಪರೇಷನ್ ಆದ ಮೇಲೆ ಯಾವ ರೇಡಿಯೇಷನ್, ಯಾರಿಗೆ, ಯಾರಿಗೆ ಬೇಡ

ಗರ್ಭಕೋಶ ತೆಗೆದಾಯಿತು, ಹೊಲಿಗೆ ಒಣಗುತ್ತಿದೆ, ಬಯಾಪ್ಸಿ ರಿಪೋರ್ಟ್ ಕೈಗೆ ಬಂತು. ಅದರಲ್ಲಿ ಸೀರಸ್ ಅಂತಲೋ, ಕಾರ್ಸಿನೋಸಾರ್ಕೋಮಾ ಅಂತಲೋ, ಲಿಯೋಮಯೋಸಾರ್ಕೋಮಾ ಅಂತಲೋ ನಾಲಿಗೆ ಹೊರಳದ ಹೆಸರು. ಗೊಂದಲ ಅಲ್ಲಿಂದ ಶುರು. ಒಬ್ಬ ಡಾಕ್ಟರ್ ಐದು ವಾರ ರೇಡಿಯೇಷನ್ ಬೇಕು ಅನ್ನುತ್ತಾರೆ. ಇನ್ನೊಬ್ಬರು ಒಳಗಿನಿಂದ ಮೂರು ಸಲ ಕೊಟ್ಟರೆ ಸಾಕು ಅನ್ನುತ್ತಾರೆ. ಮತ್ತೊಬ್ಬರು ಕೀಮೋ ಮುಖ್ಯ, ರೇಡಿಯೇಷನ್ ವಿಷಯ ಆಮೇಲೆ ನೋಡೋಣ ಅನ್ನುತ್ತಾರೆ. ಮನೆಯವರಿಗೆ ಯಾರ ಮಾತು ಕೇಳಬೇಕು ಅಂತಲೇ ತಿಳಿಯುವುದಿಲ್ಲ.

ಈ ಮೂವರಲ್ಲಿ ಒಬ್ಬರಿಗೆ ವಿಷಯ ಗೊತ್ತಿಲ್ಲ ಅಂತ ತೀರ್ಮಾನಿಸಬೇಡಿ. ಕಾಯಿಲೆ ಅಪರೂಪವಾದ್ದರಿಂದ ಗಟ್ಟಿ ಅಧ್ಯಯನಗಳೂ ಕಡಿಮೆ. ಗರ್ಭಕೋಶದ ಸಾರ್ಕೋಮಾ ಬಗ್ಗೆ ಯುರೋಪಿನಲ್ಲಿ ಒಂದು ಅಧ್ಯಯನ ನಡೆಯಿತು. ಅದು 1987ರಲ್ಲಿ ಶುರುವಾಯಿತು, 224 ಮಹಿಳೆಯರು ಸೇರುವ ಹೊತ್ತಿಗೆ 13 ವರ್ಷ ಕಳೆದಿತ್ತು. ಸಾಕ್ಷ್ಯ ಇಷ್ಟು ನಿಧಾನಕ್ಕೆ ಸೇರುವ ಕಡೆ ಡಾಕ್ಟರ್‌ಗಳ ಅಭಿಪ್ರಾಯ ಬೇರೆಯಾಗುವುದು ಸಹಜ, ಅಲ್ವಾ? ಹಾಗಾಗಿ ಆಯ್ಕೆಯ ಒಂದು ಪಾಲು ನಿಮ್ಮ ಮೇಲೂ ಬೀಳುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ರೇಡಿಯೇಷನ್ ಬಿದ್ದ ಜಾಗದಲ್ಲಷ್ಟೇ ಕೆಲಸ ಮಾಡುತ್ತದೆ. ಕಿಬ್ಬೊಟ್ಟೆಗೆ ಕೊಟ್ಟ ರೇಡಿಯೇಷನ್‌ನಿಂದ ಶ್ವಾಸಕೋಶಕ್ಕೆ ಹೋಗಿ ಕೂತಿರುವ ಒಂದು ಕಣವೂ ಸಾಯುವುದಿಲ್ಲ. ಆದ್ದರಿಂದ ಬೇಕೋ ಬೇಡವೋ ಅಂತ ತಲೆ ಕೆಡಿಸಿಕೊಳ್ಳುವ ಮುಂಚೆ, ಈ ಕಾಯಿಲೆ ವಾಪಸ್ ಬಂದರೆ ಸಾಮಾನ್ಯವಾಗಿ ಎಲ್ಲಿ ಬರುತ್ತದೆ ಅಂತ ಕೇಳಿ. ಯೋನಿಯ ಮೇಲ್ತುದಿಯಲ್ಲಾ, ಕಿಬ್ಬೊಟ್ಟೆಯ ಲಿಂಫ್ ಗಂಟುಗಳಲ್ಲಾ (ಲಿಂಫ್ ನಾಳಗಳ ದಾರಿಯಲ್ಲಿರುವ ಸಣ್ಣ ಗ್ರಂಥಿಗಳು), ಹೊಟ್ಟೆಯ ಮೇಲ್ಭಾಗದಲ್ಲಾ, ಶ್ವಾಸಕೋಶದಲ್ಲಾ? ಮೊದಲ ಎರಡಾದರೆ ರೇಡಿಯೇಷನ್‌ಗೆ ಅರ್ಥ ಇದೆ. ಕೊನೆಯ ಎರಡಾದರೆ ಅದರಿಂದ ಸಿಗುವುದು ಕಡಿಮೆ.

ತೂಗಿ ನೋಡಲು ಏನೇನು ಬೇಕು

ರಿಪೋರ್ಟ್ ಮುಂದಿಟ್ಟುಕೊಳ್ಳಿ. ಮೊದಲು ನೋಡಬೇಕಾದದ್ದು ಕ್ಯಾನ್ಸರ್‌ನ ಜಾತಿ. ಗರ್ಭಕೋಶದ ಒಳಪದರದಿಂದ ಬರುವ ಅಪರೂಪದವು ಸೀರಸ್, ಕ್ಲಿಯರ್ ಸೆಲ್, ಕಾರ್ಸಿನೋಸಾರ್ಕೋಮಾ. ಸ್ನಾಯು ಮತ್ತು ಗರ್ಭಕೋಶದ ಆಧಾರ ಅಂಗಾಂಶದಿಂದ ಬರುವವು ಲಿಯೋಮಯೋಸಾರ್ಕೋಮಾ, ಎಂಡೋಮೆಟ್ರಿಯಲ್ ಸ್ಟ್ರೋಮಲ್ ಸಾರ್ಕೋಮಾ, ಅಡಿನೋಸಾರ್ಕೋಮಾ. ಇವೆಲ್ಲ ಒಂದೇ ಅಂಗದಲ್ಲಿ ಹುಟ್ಟಿದರೂ ನಡವಳಿಕೆ ಪೂರ್ತಿ ಬೇರೆ. ಕಾರ್ಸಿನೋಸಾರ್ಕೋಮಾದ ಹೆಸರಲ್ಲಿ ಸಾರ್ಕೋಮಾ ಇದ್ದರೂ ಈಗ ಅದನ್ನು ಒಳಪದರದ ಕ್ಯಾನ್ಸರ್‌ನ ಉಗ್ರ ರೂಪ ಅಂತಲೇ ಲೆಕ್ಕ ಹಾಕುತ್ತಾರೆ, ಚಿಕಿತ್ಸೆಯೂ ಆ ಕಡೆಗೇ ವಾಲುತ್ತದೆ.

ಜಾತಿ ಬಗ್ಗೆ ಚೂರೂ ಅನುಮಾನ ಇದ್ದರೆ ಬ್ಲಾಕ್ ಮತ್ತು ಸ್ಲೈಡ್‌ಗಳನ್ನು (ಲ್ಯಾಬ್‌ನಲ್ಲಿ ಇಟ್ಟಿರುವ ಗಡ್ಡೆಯ ತುಣುಕುಗಳು) ಇಸಿದುಕೊಂಡು, ಸ್ತ್ರೀರೋಗದ ಕ್ಯಾನ್ಸರ್‌ಗಳನ್ನೇ ಹೆಚ್ಚಾಗಿ ನೋಡುವ ಪ್ಯಾಥಾಲಜಿಸ್ಟ್ ಹತ್ತಿರ ಇನ್ನೊಮ್ಮೆ ಓದಿಸಿ. ಇದು ಸುಮ್ನೆ ಖರ್ಚು ಅನ್ನಿಸಬಹುದು. ಆದರೆ ಸ್ಟ್ರೋಮಲ್ ಸಾರ್ಕೋಮಾದ ಕಡಿಮೆ ಗ್ರೇಡ್ ಮತ್ತು ಹೆಚ್ಚಿನ ಗ್ರೇಡ್ (ಕಣಗಳು ಎಷ್ಟು ಉಗ್ರವಾಗಿ ಕಾಣುತ್ತವೆ ಅನ್ನುವ ಅಳತೆ) ಮಧ್ಯೆ ಚಿಕಿತ್ಸೆ ಅಜಗಜಾಂತರ. ಲಿಯೋಮಯೋಸಾರ್ಕೋಮಾವೋ, ಇಲ್ಲ ಕ್ಯಾನ್ಸರ್ ಅಂತ ಖಚಿತವಾಗಿ ಹೇಳಲಾಗದ ಸ್ನಾಯುವಿನ ಗಡ್ಡೆಯೋ ಅನ್ನುವುದೂ ಹಾಗೇ. ಐದು ವಾರದ ರೇಡಿಯೇಷನ್‌ಗಿಂತ ಮುಂಚೆ ಈ ಒಂದು ಕೆಲಸ ಮಾಡಿಸುವುದು ಲೇಸು.

ಆಮೇಲೆ ಸ್ಟೇಜ್. ಇಲ್ಲೊಂದು ಕಿರಿಕಿರಿ ಇದೆ. 2009ರ ಪದ್ಧತಿಯಲ್ಲಿ ಸ್ಟೇಜ್ 1ಎ ಅನ್ನಿಸಿಕೊಂಡ ಸೀರಸ್ ಕ್ಯಾನ್ಸರ್, ಸ್ನಾಯುವಿಗೆ ಸ್ವಲ್ಪ ಇಳಿದಿದ್ದರೂ 2023ರ ಹೊಸ ಪದ್ಧತಿಯಲ್ಲಿ 2ಸಿ ಆಗುತ್ತದೆ. ಕಾಯಿಲೆ ಬೆಳೆದಿಲ್ಲ, ಲೆಕ್ಕ ಹಾಕುವ ರೀತಿ ಬದಲಾಗಿದೆ ಅಷ್ಟೇ. ಇಬ್ಬರು ಡಾಕ್ಟರ್ ಬೇರೆ ಬೇರೆ ಸ್ಟೇಜ್ ಹೇಳಿದರೆ ಗಾಬರಿ ಬೀಳದೆ, ಯಾವ ವರ್ಷದ ಪದ್ಧತಿ ಅಂತ ಕೇಳಿ. ಸ್ಟೇಜ್ ಸಂಖ್ಯೆಗಿಂತ ಅದರ ಹಿಂದಿನ ವಿವರವೇ ನಿರ್ಧಾರಕ್ಕೆ ಜಾಸ್ತಿ ಬೇಕು: ಸ್ನಾಯುವಿನೊಳಗೆ ಎಷ್ಟು ಆಳಕ್ಕೆ ಇಳಿದಿದೆ, ಗರ್ಭಕೋಶದ ಕಂಠಕ್ಕೆ ಬಂದಿದೆಯಾ, ಸಣ್ಣ ರಕ್ತನಾಳ ಮತ್ತು ಲಿಂಫ್ ನಾಳಗಳಲ್ಲಿ ಕ್ಯಾನ್ಸರ್ ಕಣ ಕಂಡಿದೆಯಾ, ಕತ್ತರಿಸಿದ ಅಂಚು ಶುದ್ಧವಾಗಿದೆಯಾ.

ಲಿಂಫ್ ಗಂಟುಗಳನ್ನು ತೆಗೆದು ನೋಡಿದ್ದಾರಾ ಅನ್ನುವುದು ಬೇರೆಯೇ ಪ್ರಶ್ನೆ. ಎಷ್ಟೋ ಸಲ ಫೈಬ್ರಾಯ್ಡ್ (ಕ್ಯಾನ್ಸರ್ ಅಲ್ಲದ ಗಡ್ಡೆ) ಅಂದುಕೊಂಡು ಗರ್ಭಕೋಶ ತೆಗೆದಿರುತ್ತಾರೆ, ಕ್ಯಾನ್ಸರ್ ಅಂತ ತಿಳಿಯುವುದು ಆಮೇಲೆ. ಆಗ ಗಂಟುಗಳ ಸ್ಥಿತಿ ಯಾರಿಗೂ ತಿಳಿದಿರುವುದಿಲ್ಲ. ಗಂಟು ನೋಡಿ ಏನೂ ಇಲ್ಲ ಅಂತ ಆದವರಿಗೂ, ನೋಡದೇ ಇದ್ದವರಿಗೂ ಒಂದೇ ಸಲಹೆ ಹೊಂದುವುದಿಲ್ಲ.

ಒಳಪದರದ ಕ್ಯಾನ್ಸರ್‌ಗಳಿಗೆ ಈಗ ಅಣು ಮಟ್ಟದ ಪರೀಕ್ಷೆಯೂ ಇದೆ. ಕ್ಯಾನ್ಸರ್ ತಡೆಯುವ ಪಿ53 ಅನ್ನುವ ವಂಶವಾಹಿ ಕೆಟ್ಟಿದೆಯಾ, ಡಿಎನ್ಎ ರಿಪೇರಿ ಪ್ರೋಟೀನ್‌ಗಳು ಇಲ್ಲವಾ, ಪಿಒಎಲ್ಇ ಅನ್ನುವ ವಂಶವಾಹಿಯಲ್ಲಿ ಬದಲಾವಣೆ ಇದೆಯಾ ಅಂತ ನೋಡುತ್ತಾರೆ. ಪಿಒಎಲ್ಇ ಬದಲಾವಣೆ ಇದ್ದರೆ, ಸೂಕ್ಷ್ಮದರ್ಶಕದಲ್ಲಿ ಎಷ್ಟೇ ಉಗ್ರವಾಗಿ ಕಂಡರೂ ಕಾಯಿಲೆ ವಾಪಸ್ ಬರುವುದು ತೀರಾ ಕಡಿಮೆ. ಶುರುವಿನ ಸ್ಟೇಜ್‌ನಲ್ಲಿ ಅಂಥವರಿಗೆ ಚಿಕಿತ್ಸೆಯನ್ನು ಕಡಿಮೆ ಮಾಡುವ ಮಾತೂ ಬರುತ್ತದೆ. ಪಿ53 ಕೆಟ್ಟಿದ್ದರೆ ತದ್ವಿರುದ್ಧ, ಕೀಮೋದಿಂದ ಲಾಭ ಕಾಣುವುದು ಮುಖ್ಯವಾಗಿ ಇವರಿಗೆ. ಸೀರಸ್ ಕ್ಯಾನ್ಸರ್‌ಗಳಲ್ಲಿ ಹೆಚ್ಚು ಕಡಿಮೆ ಎಲ್ಲವೂ ಇದೇ ಗುಂಪು.

ಇನ್ನು ನಿಮ್ಮ ದೇಹ ಮತ್ತು ಬದುಕು. ಕರುಳಿನ ಹಳೆಯ ಉರಿಯೂತದ ಕಾಯಿಲೆ ಇದೆಯಾ, ಹಿಂದೆ ಕಿಬ್ಬೊಟ್ಟೆಗೆ ರೇಡಿಯೇಷನ್ ಆಗಿದೆಯಾ, ಹೊಟ್ಟೆಯ ಆಪರೇಷನ್‌ಗಳು ಎಷ್ಟಾಗಿವೆ, ಮೂಳೆ ಸವೆದಿದೆಯಾ, ಅಂಡಾಶಯ ಉಳಿಸಿದ್ದಾರಾ. ವಾರಕ್ಕೆ ಐದು ದಿನ ಆಸ್ಪತ್ರೆಗೆ ಹೋಗಿ ಬರಲು ಆಗುತ್ತದಾ, ಜೊತೆಗೆ ಬರುವವರು ಯಾರು, ಕೆಲಸಕ್ಕೆ ರಜೆ ಸಿಗುತ್ತದಾ. ಇದನ್ನೆಲ್ಲ ಡಾಕ್ಟರ್ ಮುಂದೆ ಹೇಳಲು ಸಂಕೋಚ ಬೇಡ. ಲಾಭದ ವ್ಯತ್ಯಾಸ ಸಣ್ಣದಿದ್ದಾಗ ತಕ್ಕಡಿ ವಾಲುವುದು ಇಂಥ ವಿಷಯಗಳಿಂದಲೇ.

ರೇಡಿಯೇಷನ್ ಇಲ್ಲದೆ ಬರೀ ತಪಾಸಣೆ

ಏನೂ ಮಾಡದೆ ಕೈ ಕಟ್ಟಿ ಕೂರುವುದು ಅಂತ ಇದನ್ನು ತಪ್ಪು ತಿಳಿಯುವವರೇ ಹೆಚ್ಚು. ಮೊದಲ ಎರಡು ಮೂರು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ಪರೀಕ್ಷೆ, ಜಾತಿಗೆ ತಕ್ಕ ಹಾಗೆ ಎದೆ ಮತ್ತು ಹೊಟ್ಟೆಯ ಸ್ಕ್ಯಾನ್. ಗರ್ಭಕೋಶದೊಳಗೇ ಇದ್ದ ಲಿಯೋಮಯೋಸಾರ್ಕೋಮಾಕ್ಕೆ, ಶುರುವಿನ ಹಂತದ ಕಡಿಮೆ ಗ್ರೇಡ್ ಸ್ಟ್ರೋಮಲ್ ಸಾರ್ಕೋಮಾಕ್ಕೆ, ಸಾಮಾನ್ಯ ಅಡಿನೋಸಾರ್ಕೋಮಾಕ್ಕೆ ಇದೇ ಮೊದಲ ಆಯ್ಕೆ.

ಇದರ ದೊಡ್ಡ ಲಾಭ ಅಂದರೆ ರೇಡಿಯೇಷನ್ ಕೈಯಲ್ಲಿ ಉಳಿದಿರುತ್ತದೆ. ಒಂದು ಜಾಗಕ್ಕೆ ಪೂರ್ತಿ ಡೋಸ್ ಕೊಟ್ಟ ಮೇಲೆ ಅಲ್ಲೇ ಮತ್ತೆ ಕೊಡುವುದು ತುಂಬ ಕಷ್ಟ. ಮುಂದೆ ಕಾಯಿಲೆ ಯೋನಿಯ ತುದಿಯಲ್ಲಷ್ಟೇ ಕಾಣಿಸಿಕೊಂಡರೆ, ಮುಂಚೆ ರೇಡಿಯೇಷನ್ ಆಗದವರಿಗೆ ಆಗ ಕೊಡಬಹುದು. ಆದರೆ ಸೀರಸ್‌ನಂಥ ಉಗ್ರ ಜಾತಿಗಳಲ್ಲಿ, ಬಂದಾಗ ನೋಡಿಕೊಳ್ಳೋಣ ಅನ್ನುವ ಲೆಕ್ಕ ಅಷ್ಟು ಚೆನ್ನಾಗಿ ನಡೆಯುವುದಿಲ್ಲ. ಇನ್ನೊಂದು, ಪ್ರತಿ ಸ್ಕ್ಯಾನ್ ಮುಂಚೆ ನಿದ್ದೆಗೆಡುವ ಸ್ವಭಾವದವರಿಗೆ ಈ ದಾರಿ ಕಷ್ಟ. ಅಂಥವರು ಏನಾದರೂ ಮಾಡಲೇಬೇಕು ಅಂತ ರೇಡಿಯೇಷನ್ ಕಡೆ ಓಡುತ್ತಾರೆ. ಭಯ ಕಳೆಯುವುದಕ್ಕಾಗಿ ಕರುಳಿಗೆ ಪೆಟ್ಟು ಹಾಕಿಸಿಕೊಳ್ಳುವುದು ನನಗೆ ಒಳ್ಳೆಯ ವ್ಯಾಪಾರ ಅನ್ನಿಸುವುದಿಲ್ಲ.

ಒಳಗಿನಿಂದ ಕೊಡುವ ರೇಡಿಯೇಷನ್, ಅಂದರೆ ಬ್ರಾಕಿಥೆರಪಿ

ಹೆಸರು ಕೇಳಿದರೇ ಎಲ್ಲರೂ ಹೆದರುವುದು ಇದಕ್ಕೆ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಆಪರೇಷನ್ ಆಗಿ ನಾಲ್ಕರಿಂದ ಆರು ವಾರ ಕಳೆದ ಮೇಲೆ, ಯೋನಿಯ ಮೇಲ್ತುದಿಯ ಹೊಲಿಗೆ ಕೂಡಿದೆಯಾ ಅಂತ ಡಾಕ್ಟರ್ ನೋಡುತ್ತಾರೆ. ಕೂಡಿದ್ದರೆ ಒಂದು ನುಣುಪಾದ ಪ್ಲಾಸ್ಟಿಕ್ ಸಿಲಿಂಡರ್ ಅನ್ನು ಒಳಗಿಡುತ್ತಾರೆ. ಅಗಲ ಸಾಮಾನ್ಯವಾಗಿ ಎರಡೂವರೆಯಿಂದ ಮೂರೂವರೆ ಸೆಂಟಿಮೀಟರ್. ಹಲವು ಅಳತೆಗಳಿರುತ್ತವೆ, ನೋವಾಗದೆ ಹಿಡಿಸುವ ದೊಡ್ಡದನ್ನು ಆರಿಸುತ್ತಾರೆ. ಅರಿವಳಿಕೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಆಮೇಲೆ ಸಿಬ್ಬಂದಿ ಹೊರಗೆ ಹೋಗುತ್ತಾರೆ. ಯಂತ್ರದಿಂದ ತಂತಿಯ ತುದಿಯಲ್ಲಿ ಅಂಟಿದ, ಅಕ್ಕಿಕಾಳಿಗಿಂತ ಸಣ್ಣದಾದ ಇರಿಡಿಯಂ ತುಣುಕು ಸಿಲಿಂಡರ್ ಒಳಗೆ ಹೋಗಿ, ಹೇಳಿದ ಜಾಗಗಳಲ್ಲಿ ಕೆಲವು ಸೆಕೆಂಡ್ ನಿಂತು, ವಾಪಸ್ ಪೆಟ್ಟಿಗೆಗೆ ಬರುತ್ತದೆ. ರೇಡಿಯೇಷನ್ ಬೀಳುವುದು ಕೆಲವೇ ನಿಮಿಷ. ತಯಾರಿ ಸೇರಿ ಹೆಚ್ಚು ಹೊತ್ತು ಹಿಡಿಯಬಹುದು. ಮುಗಿದ ಮೇಲೆ ಎದ್ದು ಮನೆಗೆ ಹೋಗಬಹುದು. ದೇಹದಲ್ಲಿ ಏನೂ ಉಳಿಯುವುದಿಲ್ಲ, ಮಗುವನ್ನು ಎತ್ತಿಕೊಂಡರೆ ಅಪಾಯವಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಸಾಮಾನ್ಯ ಲೆಕ್ಕ 7 ಗ್ರೇಯಂತೆ (ಗ್ರೇ ಅಂದರೆ ರೇಡಿಯೇಷನ್ ಡೋಸ್ ಅಳೆಯುವ ಮಾನ) ಮೂರು ಸಲ, ಒಟ್ಟು 21 ಗ್ರೇ. ಕೆಲವು ಕಡೆ ಡೋಸ್ ಕಡಿಮೆ ಮಾಡಿ ಸಲ ಜಾಸ್ತಿ ಮಾಡುತ್ತಾರೆ. ಪೋರ್ಟೆಕ್-2 ಅನ್ನುವ ಅಧ್ಯಯನದಲ್ಲಿ 427 ಮಹಿಳೆಯರಲ್ಲಿ ಅರ್ಧದಷ್ಟು ಜನಕ್ಕೆ ಇದನ್ನು, ಉಳಿದವರಿಗೆ ಹೊರಗಿನ ರೇಡಿಯೇಷನ್ ಕೊಟ್ಟು ನೋಡಿದರು. ಐದು ವರ್ಷಕ್ಕೆ ಯೋನಿಯಲ್ಲಿ ಕಾಯಿಲೆ ವಾಪಸ್ ಬಂದದ್ದು 1.8 ಮತ್ತು 1.6 ಶೇಕಡಾ, ಅಂದರೆ ಎರಡೂ ಒಂದೇ. ಭೇದಿಯ ಕಾಟ ಒಳಗಿನಿಂದ ಕೊಟ್ಟವರಿಗೆ ತುಂಬ ಕಡಿಮೆ. ಆದರೆ ಒಂದು ಎಚ್ಚರಿಕೆ: ಆ ಅಧ್ಯಯನದಲ್ಲಿ ಇದ್ದದ್ದು ಸಾಮಾನ್ಯ ಜಾತಿಯ ಒಳಪದರದ ಕ್ಯಾನ್ಸರ್. ಸೀರಸ್, ಕ್ಲಿಯರ್ ಸೆಲ್ ಇರಲಿಲ್ಲ. ಯೋನಿಯ ತುದಿಯನ್ನು ಚೆನ್ನಾಗಿ ಕಾಯುತ್ತದೆ ಅನ್ನುವಷ್ಟನ್ನು ಅಲ್ಲಿಂದ ತೆಗೆದುಕೊಳ್ಳಬಹುದು. ಇಷ್ಟೇ ಸಾಕು ಅನ್ನುವುದನ್ನು ಹಾಗೇ ಎತ್ತಿಕೊಳ್ಳಲಾಗದು.

ಕೊರತೆಯೂ ಸ್ಪಷ್ಟ. ಕಿಬ್ಬೊಟ್ಟೆಯ ಗಂಟುಗಳಿಗೆ ಇದು ಮುಟ್ಟುವುದಿಲ್ಲ. ಗಂಟುಗಳನ್ನು ಸರಿಯಾಗಿ ತೆಗೆದು ನೋಡಿ, ಅಲ್ಲೇನೂ ಇಲ್ಲ ಅಂತ ಆದವರಿಗೆ ಇದು ಚೆನ್ನಾಗಿ ಹೊಂದುತ್ತದೆ. ಮೂರು ಸಲ ಹೋಗಿ ಬಂದರೆ ಮುಗಿಯಿತು ಅನ್ನುವುದು ದೂರದಿಂದ ಬರುವವರಿಗೆ, ವಯಸ್ಸಾದವರಿಗೆ, ಕೀಮೋ ಕೂಡ ಆಗಬೇಕಾದವರಿಗೆ ಸಣ್ಣ ಅನುಕೂಲವೇನಲ್ಲ.

ಹೊರಗಿನಿಂದ ಕೊಡುವ ರೇಡಿಯೇಷನ್

ಇಡೀ ಕಿಬ್ಬೊಟ್ಟೆ, ಗಂಟುಗಳ ಸಾಲು, ಯೋನಿಯ ಮೇಲ್ಭಾಗ ಎಲ್ಲವನ್ನೂ ಹಿಡಿದು 45ರಿಂದ 50 ಗ್ರೇ. ವಾರಕ್ಕೆ ಐದು ದಿನದ ಲೆಕ್ಕದಲ್ಲಿ 25ರಿಂದ 28 ಸಲ. ಪ್ರತಿ ಸಲ ಕೆಲವು ನಿಮಿಷ, ನೋವಿಲ್ಲ. ಮೊದಲ ದಿನ ಸಿಟಿ ಸ್ಕ್ಯಾನ್ ಮಾಡಿ ಚರ್ಮದ ಮೇಲೆ ಸಣ್ಣ ಚುಕ್ಕೆಗಳನ್ನು ಹಾಕುತ್ತಾರೆ. ದಿನಾ ನೀರು ಕುಡಿದು, ಮೂತ್ರಕೋಶ ತುಂಬಿಸಿಕೊಂಡು ಹೋಗಬೇಕು. ತುಂಬಿದ ಮೂತ್ರಕೋಶ ಕರುಳನ್ನು ಮೇಲಕ್ಕೆ ತಳ್ಳುತ್ತದೆ, ಕರುಳಿಗೆ ಬೀಳುವ ರೇಡಿಯೇಷನ್ ಕಡಿಮೆಯಾಗುತ್ತದೆ. ಸರದಿ ತಡವಾದ ದಿನ ಇದು ನಿಜವಾದ ಶಿಕ್ಷೆ. ಆದರೂ ಸುಳ್ಳು ಹೇಳಿ ಅರ್ಧ ಖಾಲಿ ಮಾಡಿಕೊಂಡು ಹೋಗಬೇಡಿ.

ಎರಡನೇ ಮೂರನೇ ವಾರದಿಂದ ಭೇದಿ, ಮೂತ್ರಕ್ಕೆ ಮತ್ತೆ ಮತ್ತೆ ಹೋಗಬೇಕೆನ್ನಿಸುವುದು, ಸುಸ್ತು. ಹೆಚ್ಚಿನವರಿಗೆ ಮುಗಿದು ಕೆಲವು ವಾರಕ್ಕೆ ಕಡಿಮೆಯಾಗುತ್ತದೆ. ಯೋಚಿಸಬೇಕಾದದ್ದು ತಡವಾಗಿ ಬರುವ ತೊಂದರೆಗಳ ಬಗ್ಗೆ. ತಿಂಗಳು, ವರ್ಷ ಕಳೆದ ಮೇಲೆ ಅವಸರದ ಮಲವಿಸರ್ಜನೆ, ಮಲದಲ್ಲಿ ಅಥವಾ ಮೂತ್ರದಲ್ಲಿ ರಕ್ತ, ಸೊಂಟದ ಮೂಳೆಯಲ್ಲಿ ಸಣ್ಣ ಬಿರುಕು. ಗಂಟು ತೆಗೆದಿದ್ದವರಿಗೆ ಕಾಲು ಊದಿಕೊಳ್ಳುವುದು ಜಾಸ್ತಿ. ಮನೆಯಿಂದ ಹೊರಡುವ ಮುಂಚೆ ಶೌಚಾಲಯ ಎಲ್ಲಿದೆ ಅಂತ ಯೋಚಿಸುವ ಬದುಕು ಎಲ್ಲರಿಗೂ ಬರುವುದಿಲ್ಲ, ಆದರೆ ಬಂದವರಿಗೆ ಅದು ಸಣ್ಣ ವಿಷಯವಲ್ಲ. ಅಂಡಾಶಯ ಉಳಿಸಿಕೊಂಡ ಚಿಕ್ಕ ವಯಸ್ಸಿನವರಿಗೆ ಈ ರೇಡಿಯೇಷನ್‌ನಿಂದ ಮುಟ್ಟು ನಿಂತವರ ಸ್ಥಿತಿ ಬೇಗ ಬರುತ್ತದೆ.

ಖರ್ಚಿನ ಪ್ರಶ್ನೆ ಬರುವುದು ತಂತ್ರದಲ್ಲಿ. ಹಳೆಯ ತ್ರಿ-ಆಯಾಮದ ವಿಧಾನ ಅಗ್ಗ, ಕಿರಣಗಳ ತೀವ್ರತೆಯನ್ನು ಜಾಗಕ್ಕೆ ತಕ್ಕ ಹಾಗೆ ಹೊಂದಿಸುವ ಐಎಂಆರ್‌ಟಿ ದುಬಾರಿ. ಹಾಕುವ ಡೋಸ್ ಅದೇ, ಆದರೆ ಐಎಂಆರ್‌ಟಿಯಲ್ಲಿ ಕರುಳಿಗೆ ಬೀಳುವ ಪಾಲು ಕಡಿಮೆ. ಗರ್ಭಕೋಶ ಮತ್ತು ಗರ್ಭಕಂಠದ ಆಪರೇಷನ್ ಆದವರ ಮೇಲೆ ನಡೆದ ಆರ್‌ಟಿಒಜಿ 1203 ಅಧ್ಯಯನದಲ್ಲಿ, ಚಿಕಿತ್ಸೆ ನಡೆಯುವಾಗಿನ ಹೊಟ್ಟೆ ಮತ್ತು ಮೂತ್ರದ ತೊಂದರೆ ಐಎಂಆರ್‌ಟಿಯಲ್ಲಿ ಕಡಿಮೆ ಅಂತ ರೋಗಿಗಳೇ ಹೇಳಿದರು. ಗರ್ಭಕಂಠದ ಕ್ಯಾನ್ಸರ್‌ಗೆ ಆಪರೇಷನ್ ಆದವರ ಮೇಲೆ ನಡೆದ ಪಾರ್ಸರ್ ಅಧ್ಯಯನದಲ್ಲಿ ತಡವಾಗಿ ಬರುವ ಕರುಳಿನ ತೊಂದರೆಯೂ ಹೆಚ್ಚು ಕಡಿಮೆ ಅರ್ಧಕ್ಕಿಳಿಯಿತು. ಕೈಯಲ್ಲಿ ಹಣ ಸೀಮಿತವಾಗಿದ್ದರೆ ನನ್ನ ಮಟ್ಟಿಗೆ ಅದನ್ನು ಹಾಕಬೇಕಾದ ಜಾಗ ಇದು. ಒಳ್ಳೆಯ ವಾರ್ಡು, ಪ್ರತ್ಯೇಕ ಕೋಣೆ ಎಲ್ಲ ಆಮೇಲೆ. ಇನ್ಶೂರೆನ್ಸ್ ಯಾವ ತಂತ್ರಕ್ಕೆ ಕೊಡುತ್ತದೆ ಅಂತ ಸಿಟಿ ಸ್ಕ್ಯಾನ್‌ಗೆ ಮುಂಚೆಯೇ ಕೇಳಿಕೊಳ್ಳಿ. ಪ್ಲಾನ್ ಆದ ಮೇಲೆ ಬದಲಾಯಿಸುವುದು ಕಷ್ಟ.

ಹೊರಗಿನದು ಮುಗಿದ ಮೇಲೆ ಒಳಗಿನಿಂದ ಒಂದೆರಡು ಸಲ ಸೇರಿಸುವುದೂ ಉಂಟು. ಗರ್ಭಕೋಶದ ಕಂಠಕ್ಕೆ ಕಾಯಿಲೆ ಬಂದಿದ್ದರೆ, ಯೋನಿಯ ಅಂಚು ಶುದ್ಧವಿಲ್ಲದಿದ್ದರೆ ಅದಕ್ಕೆ ಕಾರಣ ಇದೆ. ಎಲ್ಲರಿಗೂ ಎರಡೂ ಅಂದರೆ ಯಾಕೆ ಅಂತ ಕೇಳಲೇಬೇಕು, ಯೋನಿ ಬಿಗಿಯಾಗುವ ತೊಂದರೆ ಎರಡೂ ಸೇರಿದಾಗ ಜಾಸ್ತಿ. ಇಡೀ ಹೊಟ್ಟೆಗೆ ರೇಡಿಯೇಷನ್ ಕೊಡುವ ಹಳೆಯ ಪದ್ಧತಿಯನ್ನು ಕಾರ್ಸಿನೋಸಾರ್ಕೋಮಾದಲ್ಲಿ ಕೀಮೋ ಜೊತೆ ಹೋಲಿಸಿ ನೋಡಿ ಕೈಬಿಟ್ಟಾಗಿದೆ.

ಕೀಮೋ ಜೊತೆ ಸೇರಿಸುವುದಾ, ಕೀಮೋ ಒಂದೇ ಸಾಕಾ

ಸೀರಸ್, ಕಾರ್ಸಿನೋಸಾರ್ಕೋಮಾ ಇದ್ದವರಿಗೆ ನಿಜವಾದ ಜಗ್ಗಾಟ ಇರುವುದು ಇಲ್ಲಿ. ಇವು ದೂರಕ್ಕೆ ಹಾರುವ ಕಾಯಿಲೆಗಳು, ಬರೀ ರೇಡಿಯೇಷನ್ ಸಾಲುವುದಿಲ್ಲ. ಪೋರ್ಟೆಕ್-3 ಅನ್ನುವ ಅಧ್ಯಯನದಲ್ಲಿ 660 ಮಹಿಳೆಯರಿದ್ದರು. ಬರೀ ಹೊರಗಿನ ರೇಡಿಯೇಷನ್ ಒಂದು ಕಡೆ, ಅದಕ್ಕೆ ಕೀಮೋ ಸೇರಿಸಿದ್ದು ಇನ್ನೊಂದು ಕಡೆ. ಒಟ್ಟಾರೆ ಐದು ವರ್ಷ ಬದುಕಿದವರು 76.1 ಮತ್ತು 81.4 ಶೇಕಡಾ. ಸೀರಸ್ ಇದ್ದವರನ್ನೇ ಬೇರೆ ಮಾಡಿ ನೋಡಿದರೆ 52.8 ಮತ್ತು 71.4. ಇದು ದೊಡ್ಡ ಅಂತರ. ಇದಕ್ಕೆ ತೆತ್ತ ಬೆಲೆಯನ್ನೂ ನೋಡಿ: ಚಿಕಿತ್ಸೆ ನಡೆಯುವಾಗ ತೀವ್ರ ಅಡ್ಡಪರಿಣಾಮ ಆದದ್ದು ಬರೀ ರೇಡಿಯೇಷನ್‌ನಲ್ಲಿ 12 ಶೇಕಡಾ ಜನಕ್ಕೆ, ಕೀಮೋ ಸೇರಿದಾಗ 60 ಶೇಕಡಾ ಜನಕ್ಕೆ. ಕೈಕಾಲು ಬೆರಳು ಜೋಮು ಹಿಡಿಯುವುದು ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತದೆ.

ಹಾಗಾದರೆ ಕೀಮೋ ಕೊಟ್ಟು ರೇಡಿಯೇಷನ್ ಬಿಟ್ಟರೆ? ಸ್ಟೇಜ್ 3 ಮತ್ತು 4ಎ ಇದ್ದವರ ಮೇಲೆ ಜಿಒಜಿ-258 ಅನ್ನುವ ಅಧ್ಯಯನ ಇದನ್ನೇ ನೋಡಿತು. ಒಂದು ಗುಂಪಿಗೆ ಬರೀ ಕೀಮೋ, ಇನ್ನೊಂದಕ್ಕೆ ಕೀಮೋ ಮತ್ತು ರೇಡಿಯೇಷನ್ ಎರಡೂ. ಯೋನಿಯಲ್ಲಿ ವಾಪಸ್ ಬಂದದ್ದು ಬರೀ ಕೀಮೋದಲ್ಲಿ 7 ಶೇಕಡಾ, ಎರಡೂ ಸೇರಿದಾಗ 2. ಗಂಟುಗಳಲ್ಲಿ 20 ಮತ್ತು 11. ಆದರೆ ದೂರದ ಅಂಗಗಳಲ್ಲಿ ಬಂದದ್ದು 21 ಮತ್ತು 27, ಅಂದರೆ ರೇಡಿಯೇಷನ್ ಸೇರಿಸಿದವರಲ್ಲಿ ಕಡಿಮೆ ಏನೂ ಆಗಲಿಲ್ಲ. ಒಟ್ಟಾರೆ ಕಾಯಿಲೆ ಇಲ್ಲದೆ ಕಳೆದ ಸಮಯ ಎರಡರಲ್ಲೂ ಒಂದೇ. ಈ ಅಂಕಿಗಳನ್ನು ಹಾಳೆಯಲ್ಲಿ ಬರೆದುಕೊಂಡು ಒಮ್ಮೆ ದಿಟ್ಟಿಸಿ ನೋಡಿ, ರೇಡಿಯೇಷನ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಅನ್ನುವುದು ಇಷ್ಟು ಚೆನ್ನಾಗಿ ಬೇರೆಲ್ಲೂ ಕಾಣುವುದಿಲ್ಲ. ಕಿಬ್ಬೊಟ್ಟೆಯಲ್ಲಿ ಕಾಯಿಲೆ ಮರಳಿದರೆ ನೋವು, ರಕ್ತಸ್ರಾವ ಇರುತ್ತದೆ, ಅದನ್ನು ತಡೆಯುವುದಕ್ಕೂ ಬೆಲೆ ಇದೆ. ಆಯುಸ್ಸು ಹೆಚ್ಚುತ್ತದೆ ಅಂತ ಮಾತ್ರ ಅಂದುಕೊಂಡು ಹೋಗಬೇಡಿ.

ಶುರುವಿನ ಸ್ಟೇಜ್‌ಗೆ ಇನ್ನೊಂದು ಹೋಲಿಕೆ ಇದೆ, ಜಿಒಜಿ-249. ಒಂದು ಕಡೆ ಐದು ವಾರದ ಹೊರಗಿನ ರೇಡಿಯೇಷನ್, ಇನ್ನೊಂದು ಕಡೆ ಒಳಗಿನ ರೇಡಿಯೇಷನ್ ಮತ್ತು ಮೂರು ಸಲ ಕೀಮೋ. 601 ಮಹಿಳೆಯರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಸೀರಸ್ ಅಥವಾ ಕ್ಲಿಯರ್ ಸೆಲ್ ಇತ್ತು. ಎರಡೂ ಸಮ ಸಮ ಬಂದವು. ಗಂಟುಗಳಲ್ಲಿ ಮರಳಿದ್ದು ಮಾತ್ರ ಎರಡನೇ ಗುಂಪಿನಲ್ಲಿ ಜಾಸ್ತಿ, 4ರ ಬದಲು 9 ಶೇಕಡಾ. ಇದನ್ನು ನೋಡಿದವರು ಕೀಮೋ ಬೇಡ ಅಂತಾರೆ. ಸೀರಸ್‌ಗೆ ಮೂರು ಸಲ ಕೀಮೋ ಸಾಲದೆಂದೇ ಹಾಗಾಯಿತು ಅನ್ನುವವರೂ ಇದ್ದಾರೆ. ನನಗೆ ಎರಡನೆಯವರ ಮಾತೇ ಹೆಚ್ಚು ಒಪ್ಪಿಗೆ, ಯಾಕೆಂದರೆ ಪೋರ್ಟೆಕ್-3ರ ಸೀರಸ್ ಅಂಕಿ ಕಣ್ಣ ಮುಂದಿದೆ.

ನಿಮ್ಮ ಹೆಸರಿನ ಕಾಯಿಲೆಗೆ ಯಾವುದು

ಸೀರಸ್: ಪಾಲಿಪ್‌ನಲ್ಲೇ (ಒಳಪದರದಿಂದ ಚಾಚಿದ ಸಣ್ಣ ಗಡ್ಡೆ) ಇದ್ದು ಸ್ನಾಯುವಿಗೆ ಇಳಿಯದೆ, ಗಂಟುಗಳೂ ಶುದ್ಧವಾಗಿದ್ದರೆ ಬರೀ ತಪಾಸಣೆ ಅಥವಾ ಒಳಗಿನ ರೇಡಿಯೇಷನ್ ನಡುವೆ ಆರಿಸಬಹುದು. ಸ್ನಾಯುವಿಗೆ ಇಳಿದಿದ್ದರೆ ಕೀಮೋ ಬೇಕು, ಜೊತೆಗೆ ಗಂಟು ಶುದ್ಧವಾಗಿದ್ದರೆ ಒಳಗಿನದು ಸಾಕಾಗಬಹುದು. ಗಂಟು ನೋಡಿಲ್ಲ, ಅಥವಾ ಗಂಟಿಗೆ ಬಂದಿದೆ, ಅಥವಾ ಕಂಠಕ್ಕೆ ಬಂದಿದೆ ಅಂದರೆ ಹೊರಗಿನದರ ಕಡೆ ತೂಕ. ಕೀಮೋ ತಡೆದುಕೊಳ್ಳಲಾಗದ ವಯಸ್ಸಾದವರಿಗೆ ರೇಡಿಯೇಷನ್ ಒಂದೇ ಉಳಿಯುತ್ತದೆ. ಅದು ಕೈಲಾದಷ್ಟು ಅಂತಲೇ ತಿಳಿಯಬೇಕು.

ಕ್ಲಿಯರ್ ಸೆಲ್‌ಗೆ ಹೆಚ್ಚು ಕಡಿಮೆ ಇದೇ ದಾರಿ, ಆದರೆ ಈ ಹೆಸರಿನೊಳಗೆ ಬೇರೆ ಬೇರೆ ಅಣು ಗುಂಪುಗಳು ಬೆರೆತಿರುತ್ತವೆ. ಹಾಗಾಗಿ ಪಿ53 ಮತ್ತು ರಿಪೇರಿ ಪ್ರೋಟೀನ್ ಪರೀಕ್ಷೆ ಇಲ್ಲಿ ಬಿಡಲೇಬಾರದು.

ಕಾರ್ಸಿನೋಸಾರ್ಕೋಮಾ: ಮೊದಲ ಸ್ಥಾನ ಕೀಮೋಗೆ, ಕಾರ್ಬೋಪ್ಲಾಟಿನ್ ಮತ್ತು ಪ್ಯಾಕ್ಲಿಟಾಕ್ಸೆಲ್. ಶುರುವಿನಲ್ಲಿ ಹೇಳಿದ ಯುರೋಪಿನ 224 ಮಹಿಳೆಯರ ಅಧ್ಯಯನದಲ್ಲಿ 91 ಜನಕ್ಕೆ ಇದೇ ಕಾಯಿಲೆ ಇತ್ತು. ಹೊರಗಿನ ರೇಡಿಯೇಷನ್ ಕೊಟ್ಟಾಗ ಕಿಬ್ಬೊಟ್ಟೆಯಲ್ಲಿ ಮರಳುವುದು ಇವರಲ್ಲಿ ಕಡಿಮೆಯಾಯಿತು, ಆಯುಸ್ಸು ಹೆಚ್ಚಲಿಲ್ಲ. ಶುರುವಿನ ಸ್ಟೇಜ್, ಶುದ್ಧ ಗಂಟು ಅಂದರೆ ಕೀಮೋ ಜೊತೆ ಒಳಗಿನ ರೇಡಿಯೇಷನ್ ಒಳ್ಳೆಯ ಸಮತೋಲ. ಮುಂದುವರಿದಿದ್ದರೆ ಹೊರಗಿನದನ್ನು ಕೀಮೋ ಮುಗಿಸಿ ಯೋಚಿಸಿ. ಮೊದಲು ರೇಡಿಯೇಷನ್ ಕೊಟ್ಟು ಸುಸ್ತಾಗಿ, ಕೀಮೋ ತಡವಾಗುವುದು ಇಲ್ಲಿ ನಷ್ಟ.

ಲಿಯೋಮಯೋಸಾರ್ಕೋಮಾ: ಇದೇ ಅಧ್ಯಯನದಲ್ಲಿ 103 ಜನ ಇವರು. ರೇಡಿಯೇಷನ್‌ನಿಂದ ಸ್ಥಳೀಯವಾಗಿಯೂ ಲಾಭ ಕಾಣಲಿಲ್ಲ. ಇದು ರಕ್ತದ ಮೂಲಕ ಶ್ವಾಸಕೋಶಕ್ಕೆ ಹೋಗುವ ಕಾಯಿಲೆ. ಗರ್ಭಕೋಶ ಪೂರ್ತಿಯಾಗಿ, ಒಡೆಯದೆ ಹೊರಗೆ ಬಂದಿದ್ದರೆ ರೇಡಿಯೇಷನ್ ಬೇಡ ಅನ್ನುವುದು ಇವತ್ತಿನ ಸಾಮಾನ್ಯ ಸಲಹೆ. ಎದೆಯ ಸ್ಕ್ಯಾನ್ ತಪ್ಪಿಸದಿರುವುದು ಅದಕ್ಕಿಂತ ಮುಖ್ಯ. ಅಂಚಿನಲ್ಲಿ ಕಾಯಿಲೆ ಉಳಿದಿದೆ ಅನ್ನುವಂಥ ಸಂದರ್ಭ ಬೇರೆ. ಫೈಬ್ರಾಯ್ಡ್ ಅಂತ ಹೊಟ್ಟೆಯೊಳಗೇ ಚೂರು ಮಾಡಿ ತೆಗೆದಿದ್ದರೆ ಕಣಗಳು ಇಡೀ ಹೊಟ್ಟೆಗೆ ಹರಡಿರಬಹುದು. ಆಗಲೂ ಕಿಬ್ಬೊಟ್ಟೆಗೆ ಮಾತ್ರ ರೇಡಿಯೇಷನ್ ಕೊಟ್ಟರೆ ಆ ಸಮಸ್ಯೆ ಬಗೆಹರಿಯುವುದಿಲ್ಲ.

ಕಡಿಮೆ ಗ್ರೇಡ್ ಸ್ಟ್ರೋಮಲ್ ಸಾರ್ಕೋಮಾ: ನಿಧಾನದ ಕಾಯಿಲೆ, ಹಾರ್ಮೋನ್‌ಗೆ ಸ್ಪಂದಿಸುತ್ತದೆ. ಶುರುವಿನ ಹಂತದಲ್ಲಿ ತಪಾಸಣೆ ಸಾಕು. ಹರಡಿದ್ದರೆ ಹಾರ್ಮೋನ್ ಚಿಕಿತ್ಸೆ, ಅಂದರೆ ಅರೋಮಟೇಸ್ ತಡೆಯುವ (ಈಸ್ಟ್ರೋಜೆನ್ ತಗ್ಗಿಸುವ) ಮಾತ್ರೆ ಅಥವಾ ಪ್ರೊಜೆಸ್ಟಿನ್, ಕೆಲವರಿಗೆ ರೇಡಿಯೇಷನ್. ಹತ್ತಾರು ವರ್ಷ ಬದುಕುವವರೇ ಇಲ್ಲಿ ಹೆಚ್ಚು, ಆದ್ದರಿಂದ ರೇಡಿಯೇಷನ್‌ನ ತಡವಾದ ತೊಂದರೆ ಇವರ ತಲೆಗೇ ಬೀಳುತ್ತದೆ. ಈಸ್ಟ್ರೋಜೆನ್ ಮಾತ್ರೆ, ಟ್ಯಾಮಾಕ್ಸಿಫೆನ್ ಇವರಿಗೆ ಆಗದು. ಹೆಚ್ಚಿನ ಗ್ರೇಡ್‌ನದು ಪೂರ್ತಿ ಬೇರೆ ಕಾಯಿಲೆ, ಅದು ದೂರಕ್ಕೆ ಹರಡುತ್ತದೆ. ಅಲ್ಲಿ ರೇಡಿಯೇಷನ್ ಒಬ್ಬೊಬ್ಬರಿಗೆ ಒಂದೊಂದು ಥರ.

ಅಡಿನೋಸಾರ್ಕೋಮಾಕ್ಕೆ ಆಪರೇಷನ್‌ನಲ್ಲೇ ಕೆಲಸ ಮುಗಿಯುವುದು ಹೆಚ್ಚು. ರಿಪೋರ್ಟ್‌ನಲ್ಲಿ ಸಾರ್ಕೋಮಾ ಭಾಗ ಮಿತಿಮೀರಿ ಬೆಳೆದಿದೆ ಅಂತ ಬರೆದಿದ್ದರೆ ಮಾತ್ರ ಮುಂದಿನ ಚಿಕಿತ್ಸೆಯ ಚರ್ಚೆ.

ಯಾರೂ ಬಾಯಿ ಬಿಟ್ಟು ಹೇಳದ ವಿಷಯ

ಒಳಗಿನದಾಗಲಿ ಹೊರಗಿನದಾಗಲಿ, ರೇಡಿಯೇಷನ್ ಆದ ಮೇಲೆ ಯೋನಿ ಒಣಗುತ್ತದೆ, ಬಿಗಿಯಾಗುತ್ತದೆ, ಗಿಡ್ಡವೂ ಆಗಬಹುದು. ಡೈಲೇಟರ್ ಅನ್ನುವ ನಯವಾದ ಕೊಳವೆಯನ್ನು, ಮುಗಿದ ಕೆಲವು ವಾರದಿಂದ, ವಾರಕ್ಕೆ ಎರಡು ಮೂರು ಸಲ ಜೆಲ್ ಹಚ್ಚಿ ಬಳಸಲು ಹೇಳುತ್ತಾರೆ. ಗಂಡ ಹೆಂಡತಿ ಸಂಬಂಧ ಇಲ್ಲದವರೂ ಬಳಸಬೇಕು, ಇಲ್ಲದಿದ್ದರೆ ಮುಂದೆ ಡಾಕ್ಟರ್‌ಗೆ ಪರೀಕ್ಷೆ ಮಾಡುವುದೇ ಕಷ್ಟವಾಗುತ್ತದೆ. ವಯಸ್ಸಾದವರಿಗೆ ಇದನ್ನು ಹೇಳದೇ ಬಿಡುವುದು ಸಾಮಾನ್ಯ. ನೀವೇ ಕೇಳಿ. ಮಗ, ಅಣ್ಣ ಜೊತೆಗಿದ್ದಾರೆ ಅಂತ ಮುಜುಗರವಾದರೆ ಅವರನ್ನು ಐದು ನಿಮಿಷ ಹೊರಗೆ ಕಳಿಸಿ ಕೇಳಿ. ಈಸ್ಟ್ರೋಜೆನ್ ಕ್ರೀಮ್ ಬರೆದುಕೊಟ್ಟರೆ, ಸ್ಟ್ರೋಮಲ್ ಸಾರ್ಕೋಮಾ ಇದ್ದವರು ಕ್ಯಾನ್ಸರ್ ಡಾಕ್ಟರ್ ಒಪ್ಪಿಗೆಯಿಲ್ಲದೆ ಮುಟ್ಟಬೇಡಿ.

ಇಬ್ಬರು ಡಾಕ್ಟರ್‌ಗಳ ಮಾತು ಇನ್ನೂ ಹೊಂದುತ್ತಿಲ್ಲ ಅಂದರೆ

ಇಬ್ಬರ ಮುಂದೆಯೂ ಒಂದೇ ಮೂರು ಪ್ರಶ್ನೆ ಇಡಿ. ರೇಡಿಯೇಷನ್ ಇಲ್ಲದಿದ್ದರೆ ನನಗೆ ಕಿಬ್ಬೊಟ್ಟೆಯಲ್ಲಿ ಮರಳುವ ಸಾಧ್ಯತೆ ನೂರಕ್ಕೆ ಎಷ್ಟು? ಕೊಟ್ಟರೆ ಎಷ್ಟಕ್ಕೆ ಇಳಿಯುತ್ತದೆ? ಆ ಲೆಕ್ಕ ನನ್ನ ಜಾತಿಯ ಕ್ಯಾನ್ಸರ್‌ನದಾ, ಇಲ್ಲ ಸಾಮಾನ್ಯ ಗರ್ಭಕೋಶದ ಕ್ಯಾನ್ಸರ್‌ನದಾ? ಅರ್ಧಕ್ಕರ್ಧ ಕಡಿಮೆಯಾಗುತ್ತದೆ ಅನ್ನುವ ಉತ್ತರಕ್ಕೆ ತೃಪ್ತರಾಗಬೇಡಿ. ಇಪ್ಪತ್ತು ಹತ್ತಾದರೂ ಅರ್ಧ, ನಾಲ್ಕು ಎರಡಾದರೂ ಅರ್ಧ. ಮೊದಲನೆಯದಕ್ಕೆ ಐದು ವಾರ ಕೊಡಬಹುದು, ಎರಡನೆಯದಕ್ಕೆ ನಾನಾದರೆ ಕೊಡುವುದಿಲ್ಲ. ಸರ್ಜನ್, ರೇಡಿಯೇಷನ್ ಡಾಕ್ಟರ್, ಕೀಮೋ ಡಾಕ್ಟರ್ ಎಲ್ಲ ಒಟ್ಟಿಗೆ ಕೂತು ಚರ್ಚಿಸುವ ಟ್ಯೂಮರ್ ಬೋರ್ಡ್ ಇದ್ದರೆ ನಿಮ್ಮ ಕೇಸ್ ಅಲ್ಲಿಗೆ ಹಾಕಿ ಅಂತ ಕೇಳುವ ಹಕ್ಕು ನಿಮಗಿದೆ.

ಸಮಯ ಇದೆ, ಆದರೆ ಬೇಕಾದಷ್ಟಿಲ್ಲ. ಹೊಲಿಗೆ ಕೂಡಲು ನಾಲ್ಕರಿಂದ ಆರು ವಾರ ಹೇಗೂ ಬೇಕು. ಸ್ಲೈಡ್ ಮತ್ತೆ ಓದಿಸುವುದು, ಅಣು ಪರೀಕ್ಷೆ, ಎರಡನೇ ಅಭಿಪ್ರಾಯ, ಇನ್ಶೂರೆನ್ಸ್ ಕಾಗದ ಎಲ್ಲ ಆ ಅವಧಿಯಲ್ಲೇ ಮುಗಿಸಿಕೊಳ್ಳಿ. ಕೀಮೋ ಇಲ್ಲದೆ ರೇಡಿಯೇಷನ್ ಒಂದೇ ಆದರೆ ಆಪರೇಷನ್ ಆದ 12 ವಾರ ದಾಟುವ ಮುಂಚೆ ಶುರುವಾಗಬೇಕು. ಕೀಮೋ ಮೊದಲು ಅಂತ ಆದರೆ ಒಳಗಿನ ರೇಡಿಯೇಷನ್ ಅನ್ನು ಎರಡು ಕೀಮೋ ನಡುವೆ ಸೇರಿಸಲು ಆಗುತ್ತದಾ ಅಂತ ಮೊದಲ ಭೇಟಿಯಲ್ಲೇ ಕೇಳಿ, ಎಷ್ಟೋ ಕಡೆ ಹಾಗೆ ಮಾಡುತ್ತಾರೆ, ಕೊನೆಯವರೆಗೂ ಕಾಯಬೇಕಾಗಿಲ್ಲ.